ಬಿಳಿ ಟೀಮು, ಹಳದಿ ಟೀಮು

ಶಿಬಿರಕ್ಕೆ ಸಮುದಾಯ ಭವನ ಗೊತ್ತುಮಾಡಲು ಹೋದ ದಿನ ಅಲ್ಲಿನ ಮ್ಯಾನೇಜರ್ ಕನ್ನಡಕ ಏರಿಸಿಕೊಂಡು, ಯಾವ ಮಕ್ಕಳು ಎಂದು ಕೇಳಿದರು. ಈ ಪ್ರಶ್ನೆ ಬಂದೇ ಬರುತ್ತದೆಂದು ನನಗೆ ಗೊತ್ತಿತ್ತು. ಎಚ್‌ಐವಿ ಇರುವ ಮನೆಗಳ ಮಕ್ಕಳು ಎಂದರೆ ಸರಿಯಾಗಿ ಅದೇ ದಿನಗಳಿಗೆ ಯಾರದೋ ಮದುವೆ ಗೊತ್ತಾಗಿಬಿಟ್ಟಿರುತ್ತದೆ. ಅನಾಥ ಮಕ್ಕಳು ಎಂದರೆ ಹಳೇ ಬಟ್ಟೆಯ ಗಂಟು ಹೊತ್ತು ಊರೇ ಬಂದು ನಿಲ್ಲುತ್ತದೆ. ಬಡ ಮಕ್ಕಳು ಎಂದರೆ ಯಾವನಾದರೂ ಪುಢಾರಿ ನೋಟ್‌ಬುಕ್ ಹಂಚಿ ಫೋಟೊ ತೆಗೆಸಿಕೊಳ್ಳುತ್ತಾನೆ. ಮಧುಗಿರಿಯಿಂದ ಕೊರಟಗೆರೆಗೆ ಬಸ್ಸಿನಲ್ಲಿ ಬರುವಾಗಲೇ ಯೋಚಿಸಿ ಇಟ್ಟುಕೊಂಡಿದ್ದ ಉತ್ತರ ಕೊಟ್ಟೆ. ಪ್ರತಿಭಾವಂತ ಮಕ್ಕಳು ಸಾರ್, ಬೇಸಿಗೆ ಶಿಬಿರ ಎಂದೆ.

ಮನುಷ್ಯ ಖುಷಿಯಾಗಿ ಹೊಸ ಜಮಖಾನೆಗಳನ್ನೇ ತೆಗೆಸಿಕೊಟ್ಟರು. ಆಮೇಲೆ ನಾಲ್ಕೂ ದಿನ ಎದುರು ಸಿಕ್ಕ ಮಗುವನ್ನೆಲ್ಲ ನಿಲ್ಲಿಸಿ ಹದಿನೇಳರ ಮಗ್ಗಿ ಕೇಳಿದರು. ಬಾರದಿದ್ದರೆ ನನ್ನ ಕಡೆ ತಿರುಗಿ, ಇವರ ಪ್ರತಿಭೆ ಯಾವುದರಲ್ಲಿ ಮೇಡಂ ಎನ್ನುತ್ತಿದ್ದರು. ಮಕ್ಕಳು ಅವರ ಚಪ್ಪಲಿ ಸದ್ದು ಕೇಳಿದರೆ ಸಾಕು, ಕಂಬಗಳ ಹಿಂದೆ ಮಾಯವಾಗುತ್ತಿದ್ದರು. ಕಣ್ಮರೆಯಾಗುವುದರಲ್ಲಿ ಅವರ ಪ್ರತಿಭೆ ನಿಜಕ್ಕೂ ದೊಡ್ಡದು, ಆದರೆ ಅದನ್ನು ಮ್ಯಾನೇಜರಿಗೆ ಹೇಳುವ ಹಾಗಿರಲಿಲ್ಲ.

ನಾನು ಮಧುಗಿರಿಯ ಒಂದು ಸಣ್ಣ ಸಂಸ್ಥೆಯಲ್ಲಿ ಆಪ್ತ ಸಮಾಲೋಚಕಿ. ಹೆಸರು ಭಾರವಾಗಿದೆ, ಕೆಲಸ ಸರಳ. ಎಚ್‌ಐವಿ ಇರುವವರ ಮನೆಗೆ ಹೋಗಿ ಕೂತು ಅವರ ಮಾತು ಕೇಳುವುದು, ಮಾತ್ರೆ ತಪ್ಪದೆ ತೆಗೆದುಕೊಳ್ಳುತ್ತಿದ್ದಾರಾ ಎಂದು ನೋಡುವುದು, ಇಲ್ಲದಿದ್ದರೆ ಬೈಯುವುದು. ಬೈಯುವುದು ನಮ್ಮ ತರಬೇತಿಯಲ್ಲಿ ಇಲ್ಲ, ಅದನ್ನು ನಾನು ಮನೆಯಿಂದ ತಂದದ್ದು. ವರ್ಷಕ್ಕೊಮ್ಮೆ ಬೇಸಿಗೆ ರಜೆಯಲ್ಲಿ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಇಂಥ ಮನೆಗಳ ಮಕ್ಕಳನ್ನು ಒಂದು ಕಡೆ ಸೇರಿಸಿ ನಾಲ್ಕು ದಿನ ಆಡಲು ಬಿಡುತ್ತೇವೆ. ಕೆಲವರಿಗೆ ರೋಗ ಹುಟ್ಟಿನಿಂದ ಬಂದಿರುತ್ತದೆ. ಕೆಲವರಿಗೆ ಇಲ್ಲ, ಅಪ್ಪ ಅಮ್ಮನಿಗೆ ಮಾತ್ರ. ಯಾರಿಗಿದೆ ಯಾರಿಗಿಲ್ಲ ಎಂಬುದು ಒಬ್ಬರಿಗೊಬ್ಬರಿಗೆ ತಿಳಿಯಬಾರದು. ಇದು ನಮ್ಮ ಶಿಬಿರದ ಮೊದಲನೇ ನಿಯಮ, ಎರಡನೆಯದೂ ಮೂರನೆಯದೂ ಅದೇ.

ತೊಂದರೆ ಬರುವುದು ರಾತ್ರಿ ಊಟಕ್ಕೆ ಮುಂಚೆ ಎಂಟು ಗಂಟೆಗೆ. ರೋಗ ಇರುವ ಮಕ್ಕಳು ದಿನಾ ಅದೇ ಹೊತ್ತಿಗೆ ಮಾತ್ರೆ ನುಂಗಬೇಕು. ಅರ್ಧ ಮಕ್ಕಳು ಎದ್ದುಹೋಗಿ ಮಾತ್ರೆ ನುಂಗಿ ಬಂದರೆ ಉಳಿದರ್ಧ ಏನೆಂದುಕೊಳ್ಳುತ್ತಾರೆ? ಇದಕ್ಕೆ ನಾನೊಂದು ಉಪಾಯ ಕಂಡುಹಿಡಿದೆ. ಎಲ್ಲರಿಗೂ ಮಾತ್ರೆ. ಎಂಟಕ್ಕೆ ಗಂಟೆ ಬಾರಿಸಿದರೆ ಎಲ್ಲರೂ ಸಾಲಾಗಿ ನಿಲ್ಲುವುದು, ಎಲ್ಲರಿಗೂ ಒಂದೇ ಥರದ ಪುಟ್ಟ ಡಬ್ಬಿ, ಡಬ್ಬಿಯ ಮೇಲೆ ಹೆಸರು. ರೋಗ ಇರುವವರ ಡಬ್ಬಿಯಲ್ಲಿ ಅವರವರ ಮಾತ್ರೆ, ಇಲ್ಲದವರ ಡಬ್ಬಿಯಲ್ಲಿ ವಿಟಮಿನ್. ಕೇಳಿದವರಿಗೆಲ್ಲ ಒಂದೇ ಉತ್ತರ: ಶಕ್ತಿ ಮಾತ್ರೆ. ಸಭೆಯಲ್ಲಿ ಇದನ್ನು ಹೇಳಿದಾಗ ಎಲ್ಲರೂ ಮೆಚ್ಚಿ ತಲೆದೂಗಿದರು. ನಾನೂ ಒಳಗೊಳಗೇ ಬೆನ್ನು ತಟ್ಟಿಕೊಂಡೆ.

ಬೆನ್ನು ತಟ್ಟಿಕೊಳ್ಳಲು ಇನ್ನೊಂದು ಕಾರಣವೂ ಇತ್ತು. ಆ ವರ್ಷ ಹನ್ನೆರಡು ವರ್ಷದ ನನ್ನ ಮಗಳನ್ನೂ ಶಿಬಿರಕ್ಕೆ ಕರೆದುಕೊಂಡು ಹೋಗಿದ್ದೆ. ಮನೆಯಲ್ಲಿ ನೋಡಿಕೊಳ್ಳುವವರು ಇರಲಿಲ್ಲ ಎಂಬುದು ನಿಜ. ಆದರೆ ಹಾಗೆ ಯಾರಿಗೂ ಹೇಳಲಿಲ್ಲ. ನೋಡಿ, ನನ್ನ ಮಗಳನ್ನೇ ಇವರ ಜೊತೆ ಬಿಡುತ್ತೇನೆ ಎಂದು ಹೇಳಿಕೊಂಡು ಓಡಾಡಿದೆ. ಊರೂರಿನ ಮಹಿಳಾ ಸಂಘಗಳಲ್ಲಿ ಚಿತ್ರದ ಚಾರ್ಟ್ ಹಿಡಿದು, ಜೊತೆಗೆ ಉಂಡರೆ ಬರುವುದಿಲ್ಲ, ಜೊತೆಗೆ ಮಲಗಿದರೆ ಬರುವುದಿಲ್ಲ, ಜೊತೆಗೆ ಆಡಿದರೆ ಬರುವುದಿಲ್ಲ ಎಂದು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಈಗ ಚಾರ್ಟಿನ ಬದಲು ಮಗಳೇ ಇದ್ದಳು.

ಆ ಸಲದ ಶಿಬಿರದಲ್ಲಿ ನನಗೊಂದು ಗುಟ್ಟಿನ ಕೆಲಸ ಇತ್ತು. ಪಾವಗಡದ ಕಡೆಯ ಒಂದು ಹಳ್ಳಿಯ ಹುಡುಗಿ, ಹದಿಮೂರು ವರ್ಷ. ಅಪ್ಪ ಅಮ್ಮ ಇಬ್ಬರೂ ತೀರಿಕೊಂಡಿದ್ದಾರೆ, ತಾಯಿಯ ತಾಯಿ ಸಾಕುತ್ತಿದ್ದಾಳೆ. ಆಂಧ್ರದ ಗಡಿಯ ಊರು, ಅಲ್ಲಿ ಅಜ್ಜಿಯನ್ನು ಅವ್ವ ಎಂದೇ ಕರೆಯುವುದು. ಹುಡುಗಿಗೆ ಹುಟ್ಟಿನಿಂದಲೇ ರೋಗ ಇದೆ, ಮಾತ್ರೆಯ ಬಲದ ಮೇಲೆ ಚೆನ್ನಾಗಿಯೇ ಬೆಳೆದಿದ್ದಳು. ಈಚೆಗೆ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡಿದಾಗ ವೈರಾಣು ಏರಿತ್ತು. ಡಾಕ್ಟರು ನನ್ನನ್ನು ಕರೆದು ನೇರವಾಗಿ ಹೇಳಿದರು: ಈ ಹುಡುಗಿ ಮಾತ್ರೆ ತಪ್ಪಿಸುತ್ತಿದ್ದಾಳೆ. ಹೀಗೇ ಆದರೆ ಈ ಔಷಧಿ ಕೈಕೊಡುತ್ತದೆ, ಆಮೇಲೆ ನಮ್ಮ ಹತ್ತಿರ ಹೆಚ್ಚು ದಾರಿ ಇಲ್ಲ. ಯಾಕೆ ತಪ್ಪಿಸುತ್ತಿದ್ದಾಳೆ ಎಂದು ಹೇಗಾದರೂ ತಿಳಿದುಕೊಂಡು ಬನ್ನಿ.

ಅಜ್ಜಿಯನ್ನು ಕೇಳಿದರೆ, ದೇವರಾಣೆ ದಿನಾ ಕೊಡುತ್ತೇನೆ ಎಂದಳು. ಶಿಬಿರಕ್ಕೆ ಕಳಿಸಲು ಅವಳದ್ದೊಂದು ಷರತ್ತೂ ಇತ್ತು. "ಅಮ್ಮಾಯಿಗೆ ರಕ್ತ ಕಮ್ಮಿ ಅಂತ ಹೇಳಿವ್ನಿ ಮೇಡಮ್ಮ. ಅದ್ಕೆ ಮಾತ್ರೆ ಅಂದ್ಕಂಡವ್ಳೆ. ನಿಮ್ಮ ಬಾಯಾಗೂ ಅಂಗೇ ಬರ್ಬೇಕು. ಬ್ಯಾರೆ ಮಾತು ಬಂದ್ರೆ ನಾನು ಜೀವ ಇಟ್ಕಣಲ್ಲ." ಅಜ್ಜಿ ನನ್ನ ಕೈ ಹಿಡಿದು ಆಣೆ ಹಾಕಿಸಿಕೊಂಡಳು. ಮಗುವಿಗೆ ಸರಿಯಾದ ವಯಸ್ಸಿನಲ್ಲಿ ನಿಜ ಹೇಳಬೇಕು ಎಂದು ಪಾಠ ಮಾಡುವವಳು ನಾನು. ಹಾಕಿದೆ ಆಣೆ.

ಮೊದಲ ದಿನ ಎಲ್ಲ ಸರಾಗವಾಗಿ ನಡೆಯಿತು. ಹುಡುಗಿಗೂ ನನ್ನ ಮಗಳಿಗೂ ಒಂದೇ ಗಂಟೆಯಲ್ಲಿ ಗೆಳೆತನವಾಯಿತು. ಒಬ್ಬಳು ಇನ್ನೊಬ್ಬಳಿಗೆ ತೆಲುಗಿನಲ್ಲಿ ಬೈಯುವುದನ್ನು ಕಲಿಸಿದಳು, ಇನ್ನೊಬ್ಬಳು ಇಂಗ್ಲಿಷಿನಲ್ಲಿ. ಎಂಟಕ್ಕೆ ಗಂಟೆ ಬಾರಿಸಿದೆ. ಮಕ್ಕಳು ಸಾಲಾಗಿ ಬಂದು ಡಬ್ಬಿ ತೆಗೆದು, ಮಾತ್ರೆ ನುಂಗಿ, ನೀರು ಕುಡಿದು, ನಾಲಿಗೆ ಚಾಚಿ ತೋರಿಸಿ ಹೋದರು. ಒಬ್ಬರೂ ಒಂದು ಪ್ರಶ್ನೆ ಕೇಳಲಿಲ್ಲ. ಎಷ್ಟು ಒಳ್ಳೆಯ ಉಪಾಯ ಎಂದುಕೊಂಡು ನೆಮ್ಮದಿಯಾಗಿ ಊಟ ಮಾಡಿದೆ.

ಎರಡನೇ ದಿನ ಸಾಯಂಕಾಲ ಭವನದ ಹಿಂದಿನ ಬಯಲಿನಲ್ಲಿ ಕಬಡ್ಡಿ ಎಂದು ನಿಗದಿಯಾಗಿತ್ತು. ನಾವು ಟೀಮು ಮಾಡಲು ಚೀಟಿ ಬರೆದುಕೊಂಡು ಹೋಗುವಷ್ಟರಲ್ಲಿ ಮಕ್ಕಳೇ ಎರಡು ಗುಂಪಾಗಿ ನಿಂತಿದ್ದರು. ಒಂದು ಕಡೆ ಬಿಳಿ ಟೀಮಂತೆ, ಇನ್ನೊಂದು ಕಡೆ ಹಳದಿ ಟೀಮಂತೆ. ಅಂಗಿ ನೋಡಿದರೆ ಎಲ್ಲ ಬಣ್ಣವೂ ಎಲ್ಲ ಕಡೆಯೂ ಇತ್ತು. ಇದ್ಯಾವ ಬಿಳಿ, ಹಳದಿ ಎಂದು ಹೊಳವನಹಳ್ಳಿ ಕಡೆಯ ಒಂದು ಪುಟ್ಟ ಹುಡುಗಿಯನ್ನು ಕೇಳಿದೆ. ಅವಳು ನನ್ನನ್ನು ಪೆದ್ದಿಯನ್ನು ನೋಡಿದಂತೆ ನೋಡಿ, "ಮಾತ್ರೆ ಮಿಸ್. ಬಿಳಿ ಮಾತ್ರೆಯೋರೆಲ್ಲ ಅತ್ಲಾಗೆ, ಹಳದಿ ಮಾತ್ರೆಯೋರೆಲ್ಲ ಇತ್ಲಾಗೆ" ಎಂದಳು.

ಡಬ್ಬಿ ಒಂದೇ ಥರ ಇರಲಿ ಎಂದು ಎರಡು ಅಂಗಡಿ ಸುತ್ತಿ ತಂದ ನಾನು, ವಿಟಮಿನ್ ಮಾತ್ರೆ ಹಳದಿ ಇರುತ್ತದೆ, ರೋಗದ ಮಾತ್ರೆ ಬಿಳಿ ಇರುತ್ತದೆ ಎಂಬುದನ್ನು ನೋಡಿಯೇ ಇರಲಿಲ್ಲ. ಇಡೀ ವರ್ಷ ಯಾರೂ ಯಾರಿಗೂ ಹೇಳದೆ ಕಾಪಾಡಿಕೊಂಡು ಬಂದ ಪಟ್ಟಿಯನ್ನು ನಾನೇ ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಗಂಟೆ ಬಾರಿಸಿ, ಅವರ ಅಂಗೈ ಮೇಲೆ ಇಟ್ಟಿದ್ದೆ. ಮಕ್ಕಳು ಅದನ್ನು ಓದಿಕೊಂಡು ಮಾಡಿದ್ದೇನು ಅಂದರೆ ಕಬಡ್ಡಿ ಟೀಮು. ಬಿಳಿ ಟೀಮಿಗೆ ಪಾವಗಡದ ಹುಡುಗಿ ಕ್ಯಾಪ್ಟನ್, ಹಳದಿಗೆ ನನ್ನ ಮಗಳು. ಬಿಳಿ ಟೀಮು ಗೆದ್ದಿತು. ಸೋತವರು ಮೋಸ ಮೋಸ ಎಂದು ಕೂಗಾಡಿದರು, ಆಮೇಲೆ ಎಲ್ಲರೂ ಒಂದೇ ನಲ್ಲಿಯ ಕೆಳಗೆ ಕೈಕಾಲು ತೊಳೆದುಕೊಂಡರು.

ಆಟ ಮುಗಿದ ಮೇಲೆ ಹುಡುಗಿಯನ್ನು ಮೆಟ್ಟಿಲ ಮೇಲೆ ಕೂರಿಸಿಕೊಂಡೆ. ಅಜ್ಜಿಗೆ ಹಾಕಿದ ಆಣೆ ಮುರಿಯುವ ಹಾಗಿರಲಿಲ್ಲ. ಸುತ್ತಿ ಬಳಸಿ, ನಿನ್ನ ಬಿಳಿ ಮಾತ್ರೆ ಇದೆಯಲ್ಲ, ಅದು ಯಾಕೆ ಅಂತ ನಿನಗೆ ಏನನ್ನಿಸುತ್ತೆ ಪುಟ್ಟಾ ಎಂದು ಶುರುಮಾಡಿದೆ. ಅವಳಿಗೆ ನನ್ನ ಕಷ್ಟ ನೋಡಿ ಅಯ್ಯೋ ಅನ್ನಿಸಿರಬೇಕು.

"ನಂಗೆ ನಾಕನೇ ಕ್ಲಾಸಿನಾಗೇ ಗೊತ್ತು ಮಿಸ್. ಆಸ್ಪತ್ರೆ ಬಾಗ್ಲ ಮ್ಯಾಲೆ ಅಷ್ಟು ದೊಡ್ಡ ಬೋರ್ಡ್ ಹಾಕವ್ರಲ್ಲ. ಅವ್ವಂಗೆ ಓದಾಕೆ ಬರಲ್ಲ, ನಂಗೆ ಬತ್ತದೆ."

ಎಷ್ಟು ಜನ ದೊಡ್ಡವರು ಎಷ್ಟು ವರ್ಷದಿಂದ ಪಿಸುಗುಟ್ಟುತ್ತಿದ್ದ ಗುಟ್ಟು ಅದು. ಆ ಬೋರ್ಡಿನ ಕೆಳಗೇ ತಿಂಗಳಿಗೊಮ್ಮೆ ಅವಳನ್ನು ಕೂರಿಸಿ, ರಕ್ತ ಕಮ್ಮಿ, ರಕ್ತ ಕಮ್ಮಿ ಎನ್ನುತ್ತಿದ್ದೆವು. ತನಗೆ ಗೊತ್ತು ಎಂಬುದನ್ನು ಅವ್ವನಿಗೆ ಮಾತ್ರ ಹೇಳಬಾರದು, ಎದೆ ಒಡೆದುಕೊಳ್ಳುತ್ತಾಳೆ ಎಂದು ಹುಡುಗಿಯೂ ನನ್ನಿಂದ ಆಣೆ ಹಾಕಿಸಿಕೊಂಡಳು. ಒಂದೇ ಮನೆಯ ಎರಡು ಆಣೆ ಈಗ ನನ್ನ ತಲೆಯ ಮೇಲೆ ಇದ್ದವು.

ಹಾಗಾದರೆ ಮಾತ್ರೆ ಯಾಕೆ ತಪ್ಪುತ್ತಿದೆ ಎಂದು ಕೇಳಿದೆ. ಅವಳು ಹೇಳಿದ ಕಾರಣ ಕೇಳಿ ತಲೆ ಚಚ್ಚಿಕೊಳ್ಳುವುದೊಂದು ಬಾಕಿ. ಟಿವಿ ಧಾರಾವಾಹಿ. ಅವರ ಬೀದಿಯಲ್ಲಿ ಇವರ ಮನೆಯ ಟಿವಿಯೇ ದೊಡ್ಡದು. ಏಳೂವರೆಗೆ ಅಕ್ಕಪಕ್ಕದ ಹೆಂಗಸರೆಲ್ಲ ಬಂದು ಕೂತರೆ ಒಂಬತ್ತರವರೆಗೂ ಏಳುವುದಿಲ್ಲ. ಮಾತ್ರೆ ಇರುವುದು ಟಿವಿಯ ಪಕ್ಕದ ರಾಗಿ ಡ್ರಮ್ಮಿನೊಳಗೆ. ಅಷ್ಟು ಜನರ ಎದುರಿಗೆ ಡ್ರಮ್ಮಿಗೆ ಕೈ ಹಾಕಿ ಮಾತ್ರೆ ತೆಗೆದರೆ ಯಾವ ಕಾಯಿಲೆಗೆ ಎಂದು ಕೇಳುತ್ತಾರೆ ಎಂದು ಅಜ್ಜಿಗೆ ಭಯ. ಅವರೆಲ್ಲ ಎದ್ದುಹೋಗುವ ಹೊತ್ತಿಗೆ ಇವಳು ನಿದ್ದೆ ಹೋಗಿರುತ್ತಾಳೆ. ಎಬ್ಬಿಸಿದ ದಿನ ಮಾತ್ರೆ ಉಂಟು, ಎಬ್ಬಿಸದ ದಿನ ಇಲ್ಲ. ಆದರೂ ಅಜ್ಜಿ ದೇವರ ಮೇಲೆ ಸುಳ್ಳು ಆಣೆ ಹಾಕಿದವಳಲ್ಲ, ದಿನಾ ಕೊಡಬೇಕೆಂದು ದಿನಾ ಅಂದುಕೊಳ್ಳುತ್ತಿದ್ದಳು.

ಡಾಕ್ಟರಿಗೆ ಫೋನ್ ಮಾಡಿದೆ. ದಿನಾ ಒಂದೇ ಹೊತ್ತಿಗೆ ಆದರೆ ಸರಿ, ಬೆಳಗ್ಗೆ ಆರಕ್ಕೆ ಕೊಟ್ಟರೂ ಆಯಿತು ಎಂದರು. ಆ ಹೊತ್ತಿಗೆ ಯಾವ ಧಾರಾವಾಹಿಯೂ ಇಲ್ಲ. ಒಂದು ಹುಡುಗಿಯ ಜೀವದ ಪ್ರಶ್ನೆ ಎಂದು ಹೊತ್ತು ತಂದ ಕೆಲಸ ಅರ್ಧ ಗಂಟೆಯಲ್ಲಿ ಮುಗಿದೇ ಹೋಯಿತಲ್ಲ ಎಂದು ಮತ್ತೊಮ್ಮೆ ಬೆನ್ನು ತಟ್ಟಿಕೊಂಡೆ. ಆ ನಾಲ್ಕು ದಿನದಲ್ಲಿ ನನ್ನ ಬೆನ್ನಿಗೆ ಬಿಡುವೇ ಇರಲಿಲ್ಲ.

ಮೂರನೇ ದಿನವೂ ಕಬಡ್ಡಿಯೇ ಬೇಕೆಂದರು. ಹಳದಿಯವರು ಸೇಡು ತೀರಿಸಿಕೊಳ್ಳಬೇಕಿತ್ತಂತೆ. ನನ್ನ ಮಗಳು ಕಬಡ್ಡಿ ಕಬಡ್ಡಿ ಎನ್ನುತ್ತ ಒಳನುಗ್ಗಿದಳು. ಪಾವಗಡದ ಹುಡುಗಿ ಅವಳ ಕಾಲಿಗೆ ಬಿದ್ದು ಹಿಡಿದಳು. ಇಬ್ಬರೂ ಜಲ್ಲಿ ಇದ್ದ ಕಡೆ ಉರುಳಿದರು. ಎದ್ದಾಗ ಇಬ್ಬರ ಮೊಣಕಾಲೂ ಕಿತ್ತುಹೋಗಿ ರಕ್ತ ಬರುತ್ತಿತ್ತು. ಇಬ್ಬರೂ ನಗುತ್ತಿದ್ದರು, ಒಬ್ಬಳ ಕೈ ಇನ್ನೊಬ್ಬಳ ಹೆಗಲ ಮೇಲೆ ಇತ್ತು.

ನಾನು ಓಡಿದೆ. ಓಡಿಹೋಗಿ ನನ್ನ ಮಗಳ ರಟ್ಟೆ ಹಿಡಿದು ಈಚೆಗೆ ಎಳೆದುಕೊಂಡೆ. ಎಳೆದ ರಭಸಕ್ಕೆ ಆ ಹುಡುಗಿಯ ಕೈ ಹೆಗಲಿನಿಂದ ಜಾರಿ ಕೆಳಗೆ ಬಿತ್ತು. ಮಗಳನ್ನು ನಲ್ಲಿಯ ಹತ್ತಿರ ಎಳೆದೊಯ್ದು ಮೊಣಕಾಲು ಸೋಪು ಹಾಕಿ ತೊಳೆದೆ. ಮತ್ತೆ ತೊಳೆದೆ. ಮೂರನೇ ಸಲ ತೊಳೆಯುವಾಗ ಮಗಳು ಎಲ್ಲರಿಗೂ ಕೇಳುವ ಹಾಗೆ ಅಂದಳು, "ಅಮ್ಮಾ, ಅವಳಿಗೂ ಏಟಾಗಿದೆ."

ತಿರುಗಿ ನೋಡಿದೆ. ಹುಡುಗಿ ಬಯಲಿನ ಆ ತುದಿಗೆ ಹೋಗಿ ಒಬ್ಬಳೇ ಕೂತು, ಬಾಟಲಿಯ ನೀರು ಸುರಿದುಕೊಂಡು ಗಾಯ ತೊಳೆದುಕೊಳ್ಳುತ್ತಿದ್ದಳು. ಹತ್ತಿರ ಹೋಗುತ್ತಿದ್ದ ಪುಟ್ಟ ಹುಡುಗಿಗೆ ಬರಬೇಡ ಎಂದು ಕೈ ಅಡ್ಡ ಮಾಡಿದಳು. ಹಾಗೆ ಮಾಡಬೇಕೆಂದು ಅವಳಿಗೆ ಯಾರೂ ಅಲ್ಲಿಯವರೆಗೆ ಹೇಳಿರಲಿಲ್ಲ. ಈಗ ತಾನೇ ನಾನು ಹೇಳಿದ್ದೆ.

ಒಬ್ಬಳ ಗಾಯ ಇನ್ನೊಬ್ಬಳಿಗೆ ತಾಗಿಯೂ ಇರಲಿಲ್ಲ. ಹೀಗೆ ಆಟದಲ್ಲಿ ಬಿದ್ದು ಎದ್ದರೆ ಬರುವ ರೋಗವಲ್ಲ ಎಂದು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳಬಲ್ಲೆ, ಚಾರ್ಟಿನಲ್ಲಿ ಅದರದ್ದೇ ಒಂದು ಚಿತ್ರ ಇದೆ. ಎಲ್ಲ ಗೊತ್ತಿತ್ತು, ಕೈಗೆ ಮಾತ್ರ ಗೊತ್ತಿರಲಿಲ್ಲ. ನಾಚಿಕೆಯಿಂದ ಸತ್ತುಹೋಗುತ್ತೇನೆ ಅನ್ನಿಸಿತು. ಔಷಧಿ ಪೆಟ್ಟಿಗೆ ಹಿಡಿದು ಅವಳ ಹತ್ತಿರ ಹೋದೆ, ಗಾಯಕ್ಕೆ ಮುಲಾಮು ಹಚ್ಚಿ ಪಟ್ಟಿ ಕಟ್ಟಿದೆ. ಅವಳು ಕಾಲು ಚಾಚಿ ಕೂತಿದ್ದಳು. ಥ್ಯಾಂಕ್ಸ್ ಮಿಸ್ ಎಂದಳು. ಅವಳು ನನಗೆ ಥ್ಯಾಂಕ್ಸ್ ಹೇಳಿದ್ದು ಅದೇ ಮೊದಲು.

ಎಂಟಕ್ಕೆ ಗಂಟೆ ಬಾರಿಸಿದೆ. ಎಲ್ಲರೂ ಬಂದರು, ಅವಳು ಬರಲಿಲ್ಲ. ಡಬ್ಬಿ ಹಿಡಿದು ಹುಡುಕಿಕೊಂಡು ಹೋದೆ. ಸ್ಟೇಜಿನ ಹಿಂದೆ ಜಮಖಾನೆ ಸುತ್ತಿಟ್ಟ ಕೋಣೆಯಲ್ಲಿ ಕೂತಿದ್ದಳು. ಮಾತ್ರೆ ಚಾಚಿದೆ. ತೆಗೆದುಕೊಳ್ಳಲಿಲ್ಲ. ಬೇಜಾರಾ ಎಂದು ಕೇಳಿದೆ, ಇಲ್ಲ ಎಂದಳು. ಹಾಗಾದರೆ ನುಂಗು ಎಂದೆ.

"ನುಂಗಿದ್ರೆ ಏನಾತದೆ ಮಿಸ್? ನಿನ್ನೆನೂ ನುಂಗಿದ್ದೆ. ನುಂಗಿದ್ರೂ ನೀವು ಎಳ್ಕಂಡ್ರಿ, ನುಂಗ್ದಿದ್ರೂ ಎಳ್ಕಂತಿದ್ರಿ."

ಅಜ್ಜಿಯ ಟಿವಿ, ಡ್ರಮ್ಮು, ಅಕ್ಕಪಕ್ಕದವರು ಎಲ್ಲ ಸೇರಿ ಅವಳಿಂದ ಆಗೊಂದು ಈಗೊಂದು ಮಾತ್ರೆ ತಪ್ಪಿಸಿದ್ದರು. ಬೇಡ ಎಂದು ಅವಳೇ ಹೇಳುವ ಹಾಗೆ ಮಾಡಲು ನಾನು ಬೇಕಾಯಿತು. ಇವಳು ಹೀಗೇ ಕೂತುಬಿಟ್ಟರೆ ಮುಂದೇನು ಎಂಬುದು ನನಗೆ ಡಾಕ್ಟರಷ್ಟೇ ಚೆನ್ನಾಗಿ ಗೊತ್ತಿತ್ತು. ಹೆದರಿದೆ ಕಣಮ್ಮ, ಗೊತ್ತಿದ್ದೂ ಹೆದರಿಬಿಟ್ಟೆ, ತಪ್ಪಾಯಿತು ಎಂದೆ. ಹೇಳುವಾಗ ಅಳು ಬಂತು. ಅವಳು ಜಮಖಾನೆಯ ದಾರ ಕೀಳುತ್ತಾ ಕೂತಳು.

ಅಷ್ಟರಲ್ಲಿ ನನ್ನ ಮಗಳು ಕುಂಟಿಕೊಂಡು ಬಂದಳು. ಕೈಯಲ್ಲಿ ತನ್ನ ಡಬ್ಬಿ. ವಿಷಯ ಏನೆಂದು ನನ್ನನ್ನು ಕೇಳಲೇ ಇಲ್ಲ, ಹುಡುಗಿಯ ಎದುರು ಚಕ್ಕಳಮಕ್ಕಳ ಹಾಕಿ ಕೂತಳು. ನೀನು ನುಂಗುವವರೆಗೆ ನಾನೂ ನುಂಗುವುದಿಲ್ಲ ಎಂದು ಹಠ ಹಿಡಿದಳು. ಹಳದಿ ವಿಟಮಿನ್ ಮಾತ್ರೆಯನ್ನು ಅಂಗೈಯಲ್ಲಿಟ್ಟುಕೊಂಡು ಪ್ರಾಣತ್ಯಾಗಕ್ಕೆ ಕೂತವಳ ಮುಖ ಮಾಡಿದ್ದಳು.

ಹುಡುಗಿಗೆ ನಗು ತಡೆಯಲಾಗಲಿಲ್ಲ. "ಲೇ, ನಿಂದು ನುಂಗ್ದಿದ್ರೆ ಏನೂ ಆಗಲ್ಲ ಕಣೇ," ಎಂದಳು. "ನಂದು ನುಂಗ್ದಿದ್ರೆ ನಾನು ಸತ್ತೋತೀನಿ."

ಆ ಮಾತನ್ನು ಅದುವರೆಗೆ ಆ ಹುಡುಗಿಗೆ ಅಜ್ಜಿ ಹೇಳಿರಲಿಲ್ಲ, ಡಾಕ್ಟರು ಹೇಳಿರಲಿಲ್ಲ, ನಾನಂತೂ ಹೇಳಿರಲಿಲ್ಲ. ಅವಳೇ ಕೈ ಚಾಚಿದಳು. ನಾನು ಮಾತ್ರೆ ಕೊಟ್ಟೆ. ನನ್ನ ಮಗಳ ಬಾಟಲಿಯಿಂದ ನೀರು ಕುಡಿದು ನುಂಗಿದಳು, ಉಳಿದ ನೀರಿನಲ್ಲಿ ನನ್ನ ಮಗಳು ತನ್ನದನ್ನು ನುಂಗಿದಳು. ನಾನು ಎರಡೂ ಕೈಯನ್ನು ಸೆರಗಿನೊಳಗೆ ಗಟ್ಟಿಯಾಗಿ ಹಿಡಿದುಕೊಂಡು ನಿಂತಿದ್ದೆ.

ಕೊನೆಯ ದಿನ ಅಜ್ಜಿ ಕರೆದುಕೊಂಡು ಹೋಗಲು ಬಂದಳು. ಮಾತ್ರೆಯನ್ನು ಬೆಳಗ್ಗೆ ಆರಕ್ಕೆ ಬದಲಾಯಿಸಿದ್ದಾರೆ ಡಾಕ್ಟರು, ಬಿಸಿಲಿಗೆ ರಕ್ತ ಇನ್ನೂ ಕಮ್ಮಿಯಾಗುತ್ತದಂತೆ ಎಂದು ಆಣೆಗೆ ತಪ್ಪದೆ ಹೇಳಿದೆ. ಅಮ್ಮಾಯಿಗೆ ಏನೂ ಗೊತ್ತಾಗಲಿಲ್ಲ ತಾನೇ ಎಂದು ಅಜ್ಜಿ ಮೆಲ್ಲಗೆ ಕೇಳಿದಳು. ಇಲ್ಲ ಎಂದೆ. ಪಕ್ಕದಲ್ಲೇ ನಿಂತಿದ್ದ ಅಮ್ಮಾಯಿ ಗೋಡೆಯ ಮೇಲಿನ ಕ್ಯಾಲೆಂಡರ್ ಓದುತ್ತಿದ್ದಳು. ಅದೇ ಹೊತ್ತಿಗೆ ಮ್ಯಾನೇಜರ್ ಬಂದು, ಈ ಹುಡುಗಿ ಯಾವುದರಲ್ಲಿ ಪ್ರತಿಭಾವಂತೆ ಎಂದು ಕೇಳಿದರು. ಕಬಡ್ಡಿ ಎಂದೆ. ಆ ನಾಲ್ಕು ದಿನದಲ್ಲಿ ಅವರಿಗೆ ನಾನು ಹೇಳಿದ ಒಂದೇ ಒಂದು ನಿಜ ಅದು.

ಮುಂದಿನ ರಕ್ತ ಪರೀಕ್ಷೆಯಲ್ಲಿ ವೈರಾಣು ಇಳಿದಿತ್ತು. ಅದರ ಮುಂದಿನದರಲ್ಲಿ ಇನ್ನೂ ಇಳಿದಿತ್ತು. ನಮ್ಮ ಶಿಬಿರದ ಫಲ ಎಂದು ಸಂಸ್ಥೆಯ ವಾರ್ಷಿಕ ವರದಿಯಲ್ಲಿ ಹೆಸರು ಹಾಕದೆ ಒಂದು ಪ್ಯಾರಾ ಬರೆದೆವು. ಬರೆದವಳು ನಾನೇ. ಮೊಣಕಾಲಿನ ವಿಷಯ ಅದರಲ್ಲಿ ಬರಲಿಲ್ಲ, ಜಾಗ ಸಾಲಲಿಲ್ಲ.

ಮರುವರ್ಷ ಮತ್ತೆ ಶಿಬಿರ. ಈ ಸಲ ವಿಟಮಿನ್ ಮಾತ್ರೆಯನ್ನೂ ಬಿಳಿಯದ್ದೇ ಹುಡುಕಿ ತಂದಿದ್ದೆವು. ಮಕ್ಕಳು ಟೀಮು ಮಾಡಲಾಗದೆ ಪರದಾಡಿ ಕೊನೆಗೆ ನಮ್ಮ ಚೀಟಿಗೇ ಒಪ್ಪಿಕೊಂಡರು. ಪಾವಗಡದ ಬಸ್ಸಿನಿಂದ ಇಳಿದವಳು ಒಂದು ಗೇಣು ಎತ್ತರವಾಗಿದ್ದಳು. ಚೀಲ ಕೆಳಗಿಡುವ ಮೊದಲೇ ನನ್ನ ಹಿಂದೆ, ಮುಂದೆ, ಒಳಗೆ ಎಲ್ಲ ಹುಡುಕಿ ನೋಡಿದಳು. ಅವಳು ಬರಲಿಲ್ಲವಾ ಮಿಸ್ ಎಂದು ಕೇಳಿದಳು.

ಟ್ಯೂಷನ್ ಇದೆ ಕಣಮ್ಮ ಎಂದೆ. ಟ್ಯೂಷನ್ ಇದ್ದದ್ದು ನಿಜ. ನಾಲ್ಕು ದಿನ ತಪ್ಪಿಸಿದ್ದರೆ ಏನೂ ಆಗುತ್ತಿರಲಿಲ್ಲ ಎಂಬುದೂ ನಿಜ. ನಾನೂ ಬರುತ್ತೇನೆ ಎಂದು ಮಗಳು ಹಿಂದಿನ ವಾರವೆಲ್ಲ ಗೋಗರೆದು, ಕೊನೆಯ ದಿನ ನನ್ನೊಡನೆ ಮಾತು ಬಿಟ್ಟಿದ್ದಳು. ಯಾಕೆ ಕರೆದುಕೊಂಡು ಬರಲಿಲ್ಲ ಎಂದು ಸಂಸ್ಥೆಯಲ್ಲಿ ಯಾರೂ ಕೇಳಿರಲಿಲ್ಲ, ಮನೆಯಲ್ಲಿ ಯಾರೂ ಕೇಳಿರಲಿಲ್ಲ, ನಾನೂ ನನ್ನನ್ನು ಕೇಳಿಕೊಂಡಿರಲಿಲ್ಲ.

ಹುಡುಗಿ ನನ್ನ ಮುಖ ನೋಡಿದಳು. ಆಮೇಲೆ ಚೀಲ ಹೆಗಲಿಗೆ ಹಾಕಿಕೊಂಡು ನನಗೇ ಸಮಾಧಾನ ಹೇಳಿದಳು.

"ಇರ್ಲಿ ಬುಡಿ ಮಿಸ್. ನಾನಂತೂ ಒಂದಿನಾನೂ ಮಾತ್ರೆ ತಪ್ಸಿಲ್ಲ ಅಂತ ಅವಳಿಗೆ ಹೇಳಿ."